ನೀರು ಹೊಯ್ದ ಕೈ

"ನನ್ನ ಹೆಗಲು ಒದ್ದೆಯಾಗಲಿಲ್ಲ, ಖಾಲ್ತಿ."

ಮಬ್ರೂಕಾ ತಲೆ ಎತ್ತಲಿಲ್ಲ. ಮೊರದಲ್ಲಿದ್ದ ಗೋಧಿನುಚ್ಚಿನಿಂದ ಕಲ್ಲು ಆರಿಸುತ್ತಿದ್ದವಳು ಒಂದನ್ನು ಹೆಕ್ಕಿ ಅಂಗಳಕ್ಕೆ ಎಸೆದಳು. ಮಹ್ದಿಯಾ ಊರಿಗೆಲ್ಲ ಆಕೆ ಖಾಲ್ತಿ, ಅಂದರೆ ಚಿಕ್ಕಮ್ಮ. ಊರಲ್ಲಿ ಯಾವ ಹೆಂಗಸು ಸತ್ತರೂ ಕೊನೆಯ ಸ್ನಾನ ಮಾಡಿಸಿ ಕಫನ್ ಬಟ್ಟೆ ಸುತ್ತುವವಳು ಅವಳೇ. ಅವಳಮ್ಮನೂ ಅದನ್ನೇ ಮಾಡಿದ್ದಳು.

"ಉಪವಾಸದ ಬಾಯಿ, ಮಗಾ. ಒಗಟು ಬಿಡಿಸೋ ಶಕ್ತಿ ಇಲ್ಲ. ಬಿಡಿಸಿ ಹೇಳು."

ಇನ್‌ಸ್ಪೆಕ್ಟರ್ ಶಾದ್ಲಿ ಅವಳೆದುರು ಚಾಪೆಯ ಮೇಲೆ ಕೂತ. ರಂಜಾನಿನ ಮಧ್ಯಾಹ್ನ. ಅವನ ನಾಲಿಗೆಯೂ ಒಣಗಿತ್ತು.

"ವಸೀಲಾಳ ಜನಾಜಕ್ಕೆ ಹೆಗಲು ಕೊಟ್ಟೋರಲ್ಲಿ ನಾನೂ ಒಬ್ಬ. ತಲೆ ಕಡೆ ಇದ್ದೆ. ನಮ್ಮದು ಸಮುದ್ರದ ಊರು, ಮುಳುಗಿ ಸತ್ತೋರನ್ನ ಎಷ್ಟು ಜನಾನ ಹೊತ್ತಿಲ್ಲ ನಾವು. ನೀವು ಎಷ್ಟೇ ಒರೆಸಿ, ಎಷ್ಟೇ ಬಿಗಿಯಾಗಿ ಸುತ್ತಿದ್ರೂ ಬಾಯಿ ಮೂಗಲ್ಲಿ ನೀರು ಜಿನುಗ್ತಾನೇ ಇರತ್ತೆ. ಸ್ಮಶಾನ ಮುಟ್ಟೋ ಹೊತ್ತಿಗೆ ಹೊತ್ತೋರ ಅಂಗಿ ನೆಂದಿರತ್ತೆ. ಅವತ್ತು ನನ್ನ ಅಂಗಿ ಒಣಗೇ ಇತ್ತು."

"ಬಿಸಿಲಿತ್ತು."

"ಬಿಸಿಲಿರಲಿಲ್ಲ, ಮೋಡ ಇತ್ತು."

"ಹಾಗಾದ್ರೆ ಗಾಳಿ ಇತ್ತು," ಅಂದಳು ಮುದುಕಿ. ಇನ್ನೊಂದು ಕಲ್ಲು ಅಂಗಳಕ್ಕೆ ಹೋಯಿತು.

ರೇಷ್ಮೆ ಮಗ್ಗದ ಹಮ್ಮಾದಿಯ ಹೆಂಡತಿ ವಸೀಲಾ ಐದು ವಾರದ ಹಿಂದೆ ತನ್ನ ಮನೆಯಂಗಳದ ಮಳೆನೀರಿನ ಬಾವಿಯಲ್ಲಿ ಸಿಕ್ಕಿದ್ದಳು. ಜಾರಿ ಬಿದ್ದಳು ಅಂತ ಊರು ಹೇಳಿತು, ಡಾಕ್ಟರು ಹಾಗೇ ಬರೆದುಕೊಟ್ಟರು, ಮಾರನೆಯ ಮಧ್ಯಾಹ್ನದೊಳಗೆ ಮಣ್ಣೂ ಆಯಿತು. ಆಮೇಲೆ ಅವಳ ಚಿನ್ನದ ಬಳೆ ಮೀನು ಮಾರುವ ಲುತ್ಫಿಯ ಹತ್ತಿರ ಸಿಕ್ಕಿತು. ಅಷ್ಟು ಸಾಕಾಯಿತು, ಜಾರಿ ಬಿದ್ದವಳನ್ನು ಅವನೇ ತಳ್ಳಿದ ಅಂತಾಯಿತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಠಾಣೆಯ ದೊಡ್ಡ ಸಾಹೇಬರದು. ನಾಳೆ ಬೆಳಿಗ್ಗೆ ಕಡತ ನ್ಯಾಯಾಧೀಶರ ಮೇಜಿಗೆ ಹೋಗಬೇಕು. ಹೋಯಿತೆಂದರೆ ಲುತ್ಫಿಗೆ ಬದುಕಿರುವಷ್ಟು ದಿನ ಜೈಲು. ಗೋರಿ ಅಗೆಸಲು ಗಂಡ ಒಪ್ಪಲಿಲ್ಲ, ಡಾಕ್ಟರ ಕಾಗದ ಇರುವಾಗ ನ್ಯಾಯಾಧೀಶರೂ ಒಪ್ಪಲಿಲ್ಲ. ಉಳಿದದ್ದು ಈ ಮುದುಕಿಯ ಬಾಯೊಂದೇ. ಆ ಬಾಯಿಗೆ ಬೀಗ ಬಿದ್ದಿತ್ತು.

"ಡಾಕ್ಟರು ಅವಳ ಮುಖ ಬಿಟ್ಟು ಬೇರೇನೂ ನೋಡಿಲ್ಲ," ಅಂದ ಶಾದ್ಲಿ. "ಮೈಪೂರ್ತಿ ನೋಡಿದೋಳು ನೀನೊಬ್ಳೇ. ಹೊಟ್ಟೆ ಒತ್ತಿದಾಗ ನೀರು ಬಂತಾ?"

ಮುದುಕಿ ಮೊರ ಕುಲುಕಿದಳು.

"ಬರಲಿಲ್ಲ ಅಲ್ವಾ? ಬಂದಿದ್ರೆ ನನ್ನ ಅಂಗಿ ನೆನೀತಿತ್ತು. ನೀರಿಗೆ ಬೀಳೋ ಮೊದ್ಲೇ ಅವಳ ಉಸಿರು ನಿಂತಿತ್ತು."

"ಎಲ್ಲಾ ಗೊತ್ತಿದ್ರೆ ನನ್ನನ್ಯಾಕೆ ಕೇಳ್ತೀಯ?"

"ನಾನು ಹೇಳಿದ್ರೆ ಅದು ಊಹೆ. ನೀನು ಹೇಳಿದ್ರೆ ಸಾಕ್ಷಿ."

"ನನ್ನ ಕೈಗೆ ಬರೋರಿಗೆ ಮೈಮೇಲೆ ಬಟ್ಟೆ ಇರಲ್ಲ, ಬಾಯಲ್ಲಿ ಮಾತಿರಲ್ಲ, ಮಗಾ. ಅವರದ್ದು ಏನು ಕಂಡ್ರೂ ಅಲ್ಲೇ ಮುಚ್ಚಿಡಬೇಕು. ಅದಕ್ಕೇ ನನಗೆ ಅವರನ್ನ ಒಪ್ಪಿಸೋದು. ಇವತ್ತು ನಾನು ಬಾಯಿ ಬಿಟ್ಟೆ ಅಂದ್ರೆ ನಾಳೆಯಿಂದ ಈ ಊರಿನ ಹೆಂಗಸ್ರು ಸಾಯೋಕೂ ಹೆದರ್ತಾರೆ."

"ಇದ್ದದ್ದನ್ನ ಹೇಳದೆ ಇದ್ರೆ ಅದೂ ಸುಳ್ಳೇ, ಖಾಲ್ತಿ."

"ಹಾಗಾದ್ರೆ ಒಂದೊಂದು ಗೋರಿನೂ ಒಂದೊಂದು ಸುಳ್ಳು," ಅಂದಳು ಮಬ್ರೂಕಾ. "ಅವಳು ಮುಳುಗಿ ಸತ್ಲು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ? ಗಂಡಸ್ರು ನೀವೇ ಹೇಳಿದ್ರಿ, ನೀವೇ ಬರೆದ್ರಿ, ನೀವೇ ನಂಬಿದ್ರಿ. ನಾನು ಸುಮ್ಮನಿದ್ದೆ."

ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೆ ಇದೇ. ಶಾದ್ಲಿಗೆ ಸಿಟ್ಟು ಬಂತು. ಸಿಟ್ಟು ಮಾಡಿ ಇವಳ ಹತ್ತಿರ ಏನೂ ಹುಟ್ಟುವುದಿಲ್ಲ ಅಂತಲೂ ಗೊತ್ತಿತ್ತು. ಅವನ ಸ್ವಂತ ತಾಯಿಯನ್ನು ಕೊನೆಯ ಸಲ ಮೀಯಿಸಿದ ಕೈ ಅದು. ಆ ದಿನ ಏನು ಕಂಡಳೋ, ಯಾರ ಕಿವಿಗೂ ಬೀಳಲಿಲ್ಲ. ಆಗ ಅವನಿಗೆ ಅದು ದೊಡ್ಡ ಉಪಕಾರ ಅನಿಸಿತ್ತು.

ಜೇಬಿನಲ್ಲಿ ಫೋನು ಅದುರಿತು. ಹೆಂಡತಿ ರಾದಿಯಾ.

"ಬರ್ತಾ ಹಾಲು ತಗೊಂಡು ಬಾ, ಖರ್ಜೂರದ ಜೊತೆಗೆ. ಜಲೂಲ್ ಕೂಡ ಊಟಕ್ಕೆ ಬರ್ತಾನೆ."

"ಅವನು ಯಾವತ್ತು ಬರಲ್ಲ ಹೇಳು," ಅಂದು ಶಾದ್ಲಿ ಫೋನಿಟ್ಟ.

ಜಲೂಲ್ ಅವನ ತಮ್ಮ. ಹಮ್ಮಾದಿಯ ಮಗ್ಗದಲ್ಲೇ ನೇಯುತ್ತಾನೆ, ಮಗ್ಗದ ಮನೆ ವಸೀಲಾಳ ಬಾಗಿಲಿಗೆ ಎದುರು. ಅವಳು ಸತ್ತ ದಿನ ಮಧ್ಯಾಹ್ನ ಲುತ್ಫಿ ಮೀನಿನ ಬುಟ್ಟಿ ಹಿಡಿದು ಆ ಮನೆಯಿಂದ ಹೊರಬಂದದ್ದನ್ನು ಕಂಡವನು ಅವನೇ. ತಮ್ಮನೇ ಸಾಕ್ಷಿಯಾಗಿರುವ ಕೇಸು ತನಗೆ ಬೇಡ ಅಂತ ಶಾದ್ಲಿ ಕೇಳಿಕೊಂಡಿದ್ದ. ಸಾಹೇಬರು ನಕ್ಕುಬಿಟ್ಟಿದ್ದರು. "ಈ ಊರಲ್ಲಿ ಯಾರ ಹೆಸರು ತೆಗೆದ್ರೂ ಯಾರದೋ ತಮ್ಮನೇ ಕಣಯ್ಯಾ. ಹೋಗು, ಕೆಲಸ ನೋಡು."

ಶಾದ್ಲಿ ಮತ್ತೆ ಮುದುಕಿಯ ಕಡೆ ತಿರುಗಿದ.

"ಲುತ್ಫಿ ಏನು ಹೇಳ್ತಾನೆ ಗೊತ್ತಾ? 'ಕೂಗಿದೆ, ಯಾರೂ ಓಗೊಡಲಿಲ್ಲ. ಬಾವಿ ಕಟ್ಟೆ ಮೇಲೆ ಬಳೆ ಬಿದ್ದಿತ್ತು. ಕೈ ತಡೀಲಿಲ್ಲ, ತಗೊಂಡೆ. ಹೆಂಗಸನ್ನ ನೋಡ್ಲೇ ಇಲ್ಲ.' ದಿನಾ ಇದೇ ಮಾತು. ಠಾಣೇಲಿ ಎಲ್ರೂ ನಗ್ತಾರೆ. ಚಿನ್ನದ ಬಳೆ ಬಿಚ್ಚಿ ಕಟ್ಟೆ ಮೇಲಿಟ್ಟು ಹೋಗೋಳು ಯಾರು ಅಂತ."

"ನೀನೂ ನಕ್ಕೆಯಾ?"

"ನಕ್ಕೆ. ಇವತ್ತು ಬೆಳಿಗ್ಗೆ ತನಕ."

ಬೆಳಿಗ್ಗೆ ಅವನು ಸಂತೆಬೀದಿಯಲ್ಲಿ ಬರುತ್ತಿದ್ದ. ಒಂದು ಅಂಗಡಿಯ ಮುಂದೆ ಎರಡು ಚೀಲ ಬಾಯಿ ತೆರೆದು ಕೂತಿದ್ದವು, ಎರಡರಲ್ಲೂ ಹಸಿರು ಪುಡಿ. ಒಂದು ಮುಲೂಖಿಯಾ ಸೊಪ್ಪಿನ ಪುಡಿ, ಹೊತ್ತುಗಟ್ಟಲೆ ಕುದಿಸಿ ಸಾರು ಮಾಡುವಂಥದ್ದು. ಇನ್ನೊಂದು ಮದರಂಗಿ. ಯಾವುದು ಯಾವುದು ಅಂತ ಅವನಿಗೆ ಗೊತ್ತಾಗಲಿಲ್ಲ. ಈ ಊರಿನ ಯಾವ ಗಂಡಸಿಗೂ ಗೊತ್ತಾಗುವುದಿಲ್ಲ. ಒಂದನ್ನು ತಟ್ಟೆಯಲ್ಲಿ ಉಣ್ಣುತ್ತಾರೆ, ಇನ್ನೊಂದನ್ನು ಹೆಂಡತಿಯ ಕೈಯಲ್ಲಿ ನೋಡುತ್ತಾರೆ, ಪುಡಿಯಾಗಿದ್ದಾಗ ಎರಡನ್ನೂ ಕಂಡವರಲ್ಲ. ಅಲ್ಲೇ ನಿಂತುಬಿಟ್ಟಿದ್ದ ಶಾದ್ಲಿ.

"ಹೆಣ ಸಿಕ್ಕಿದ ಸಂಜೆ ಬಾವಿ ಹತ್ರ ಒಂದು ಸಣ್ಣ ಬಟ್ಟಲಿತ್ತು, ಖಾಲ್ತಿ. ಹಸಿರು ಪುಡಿ ಕಲಸಿದ್ದು, ಅಂಚಲ್ಲಿ ಒಣಗಿತ್ತು. ಅಡುಗೆಗೆ ಮುಲೂಖಿಯಾ ಕಲಸಿಟ್ಟಿದ್ದಾಳೆ ಅಂದ್ಕೊಂಡು ಮುಂದೆ ಹೋದೆ. ಅದು ಮದರಂಗಿ. ಅವಳು ಬಳೆ ಬಿಚ್ಚಿದ್ದು ಮದರಂಗಿ ಹಾಕಿಸ್ಕೊಳ್ಳೋಕೆ. ಅಂದ್ರೆ ಹಾಕೋಳು ಒಬ್ಬಳು ಅಲ್ಲಿ ಕೂತಿದ್ಲು. ಲುತ್ಫಿ ಹೇಳಿದ್ದು ನಿಜ."

ಮಬ್ರೂಕಾಳ ಬೆರಳು ನುಚ್ಚಿನ ಮೇಲೆ ನಿಂತವು.

"ಒಂದೇ ಮಾತು ಕೇಳ್ತೀನಿ. ಮದರಂಗಿ ಎರಡೂ ಕೈಗಿತ್ತಾ, ಒಂದೇ ಕೈಗಾ?"

ಮುದುಕಿ ಬಲಗೈ ಎತ್ತಿ ಅಂಗೈಯನ್ನು ತಾನೇ ಒಂದು ಗಳಿಗೆ ನೋಡಿಕೊಂಡಳು. ಮಡಿಲಲ್ಲಿಟ್ಟುಕೊಂಡಳು. ಎಡಗೈ ಮೊರದಲ್ಲೇ ಇತ್ತು. ಶಾದ್ಲಿಗೆ ಅಷ್ಟೇ ಸಾಕಿತ್ತು.

"ಒಂದೇ ಕೈ. ಅರ್ಧಕ್ಕೇ ನಿಂತಿದೆ. ಇದಕ್ಕೆ ಸಹಿ ಹಾಕು, ಖಾಲ್ತಿ. ಒಬ್ಬ ಬಡವ ಉಳ್ಕೊಳ್ತಾನೆ."

"ನಾನೇನು ಹೇಳಿದೆ ಅಂತ ಸಹಿ ಹಾಕ್ಲಿ?"

"ಖಾಲ್ತಿ."

"ಕೋರ್ಟಿಗೆ ಎಳ್ಕೊಂಡು ಹೋದ್ರೂ ಇದೇ ಮಾತು. ಇನ್‌ಸ್ಪೆಕ್ಟರಿಗೆ ಉಪವಾಸದಲ್ಲಿ ತಲೆ ತಿರುಗಿದೆ ಅಂತೀನಿ. ನಾಳೆ ನನ್ನ ಜೀವ ಹೋದ್ರೆ ನನ್ನ ಮೈ ತೊಳೆಯೋಳು ನನ್ನದನ್ನೂ ಮುಚ್ಚಿಡಬೇಕು. ಆ ಒಂದು ನಂಬಿಕೆ ಬಿಟ್ರೆ ನನ್ನ ಹತ್ರ ಇನ್ನೇನಿದೆ?"

ಅವಳ ದನಿಯಲ್ಲಿ ಹಠವಿರಲಿಲ್ಲ, ದುಃಖವಿತ್ತು. ಅದೇ ಅವನನ್ನು ಸೋಲಿಸಿತು. ಹಠಮಾರಿಯನ್ನಾದರೆ ಹೇಗಾದರೂ ಮಣಿಸಬಹುದು. ಶಾದ್ಲಿ ಮೊಣಕಾಲು ಹಿಡಿದು ಎದ್ದ. ಬಾಗಿಲವರೆಗೆ ಹೋಗಿದ್ದ.

"ಒಬ್ಬಳೇ ತೊಳೆಯೋಕಾಗಲ್ಲ, ಮಗಾ," ಅಂದಳು ಮುದುಕಿ ಹಿಂದಿನಿಂದ.

ಅವನು ತಿರುಗಿದ.

"ಒಬ್ಬಳು ತಿಕ್ಕಬೇಕು, ಇನ್ನೊಬ್ಬಳು ನೀರು ಹೊಯ್ಯಬೇಕು. ನೀವೆಲ್ಲ ನನ್ನ ಹತ್ರಾನೇ ಬಂದ್ರಿ. ನೀರು ಹೊಯ್ದೋಳು ಯಾರು ಅಂತ ಒಬ್ಬರೂ ಕೇಳಲಿಲ್ಲ."

"ನಿನ್ನ ಜೊತೆಗಾತಿ ಇದ್ದಾಳಲ್ಲ."

"ಅವಳು ಅವತ್ತು ಮಗಳ ಹೆರಿಗೆ ಅಂತ ಪರವೂರಿಗೆ ಹೋಗಿದ್ಲು. ಕೂತಿದ್ದ ಹೆಂಗಸ್ರನ್ನ ಕೇಳ್ದೆ, ಯಾರಾದ್ರೂ ಕೈ ಹಚ್ಚಿ ಅಂತ. ಎಲ್ರೂ ಮುಖ ಕೆಳಗೆ ಹಾಕಿದ್ರು. ಒಬ್ಬಳು ಎದ್ದಳು. ಒಳಗೆ ಬಂದೋಳು ಅದೊಂದು ಕೈಯನ್ನ ತಾನೇ ಹಿಡ್ಕೊಂಡು, ನಿಂಬೆಹಣ್ಣು ಹಾಕಿ ಉಜ್ಜಿದ್ಲು, ಉಜ್ಜಿದ್ಲು. ನಾನು ಸಾಕು ಅನ್ನೋ ತನಕ ಉಜ್ಜಿದ್ಲು."

"ಯಾರು?"

"ಸತ್ತೋರದ್ದು ಮುಚ್ಚಿಡೋದು ನನ್ನ ಪಾಲಿನ ಕೆಲಸ. ಬದುಕಿರೋರದ್ದಲ್ಲ. ಇಷ್ಟು ದಿನ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ." ಮಬ್ರೂಕಾ ಮೊದಲ ಸಲ ತಲೆ ಎತ್ತಿ ಅವನ ಕಣ್ಣು ನೋಡಿದಳು. "ಈಗ ಹಾಲು ತಗೊಂಡು ಮನೆಗೆ ಹೋಗು. ಫೋನಲ್ಲಿ ನಿನ್ನ ಹತ್ರ ಹಾಲು ತರೋಕೆ ಹೇಳಿದ್ಲಲ್ಲ, ಅವಳನ್ನೇ ಕೇಳು."

ಹಾಲು ಕೊಂಡನೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಮನೆಯ ಬಾಗಿಲಲ್ಲಿ ನೋಡಿಕೊಂಡರೆ ಕೈಯಲ್ಲಿ ಹಾಲಿತ್ತು.

ರಾದಿಯಾ ಒಲೆಯ ಮುಂದಿದ್ದಳು. ಹಿಟ್ಟಿನ ತೆಳು ಹಾಳೆಯಲ್ಲಿ ಮೊಟ್ಟೆ ಒಡೆದಿಟ್ಟು ಮಡಿಸಿ ಎಣ್ಣೆಗೆ ಬಿಡುತ್ತಿದ್ದಳು. ಮೇಜಿನ ಮೇಲೆ ಮೂರು ತಟ್ಟೆ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಕೋಟೆಯಲ್ಲಿ ಸಂಜೆಯ ತೋಪು ಹಾರಿದ ಮೇಲೆಯೇ ಉಪವಾಸ ಬಿಡುವುದು.

"ತಡ ಆಯ್ತು. ಕೊಡು ಇಲ್ಲಿ," ಅಂತ ಕೈ ಚಾಚಿದಳು.

ಅವನು ಹಾಲು ಕೊಡಲಿಲ್ಲ. ಕೈ ಹಿಡಿದುಕೊಂಡ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಮೂರೇ ಉಗುರು. ಬುಡದಲ್ಲಿ ಹೊಸ ಉಗುರು ಬೆಳ್ಳಗೆ ಬೆಳೆದು ಬಂದಿತ್ತು, ಅದರ ಮೇಲೆ ತುದಿಯವರೆಗೆ ಕಿತ್ತಳೆ ಬಣ್ಣ. ಮದರಂಗಿ ಹಾಕಿಸಿಕೊಂಡ ಕೈಯಲ್ಲ ಇದು, ಇನ್ನೊಬ್ಬರಿಗೆ ಹಾಕಿದ ಕೈ. ಐದು ವಾರ ಈ ಕೈ ಬಡಿಸಿದ್ದನ್ನು ಉಂಡಿದ್ದ. ಪತ್ತೇದಾರ ಅಂತ ಸಂಬಳ ಬೇರೆ ತಗೊಳ್ಳುತ್ತಿದ್ದ.

"ವಸೀಲಾಗೆ ನೀರು ಹೊಯ್ದೋಳು ನೀನಂತೆ."

ಅವಳು ಕೈ ಎಳೆದುಕೊಳ್ಳಲಿಲ್ಲ. "ಹೌದು."

"ನನ್ನ ಹತ್ರ ಹೇಳಲಿಲ್ಲ."

"ನೀನು ಕೇಳಲಿಲ್ಲವಲ್ಲ, ಶಾದ್ಲಿ."

"ಅವತ್ತು ಏನೇನಾಯ್ತು ಅಂತ ಕೇಳಿದ್ದೆ."

"ಸಾವಿನ ಮನೇಲಿ ಏನಾಯ್ತು ಅಂತ ನೀನು ಕೇಳಿದ್ದೆ. ಹೋದೆ, ಅತ್ತು ಬಂದೆ ಅಂದೆ. ಅದ್ರಲ್ಲಿ ಒಂದೂ ಸುಳ್ಳಿಲ್ಲ."

ಎಣ್ಣೆಯಲ್ಲಿದ್ದದ್ದು ಕರಕಲಾಗುತ್ತಿತ್ತು. ಅವಳೇ ಒಲೆ ಆರಿಸಿದಳು.

"ಆ ಬೆಳಿಗ್ಗೆ ಅವಳ ಜೊತೆ ಇದ್ದದ್ದು ನೀನು."

"ನಾನೇ. ಹಮ್ಮಾದಿ ರೇಷ್ಮೆ ತಗೊಂಡು ರಾಜಧಾನಿಗೆ ಹೋಗಿದ್ದ. ಸಂಜೆಗೆ ಗಂಡ ಬರ್ತಾನೆ, ಮದರಂಗಿ ಹಾಕ್ಕೊಡು ಅಂದ್ಲು. ಒಂದು ಕೈ ಮುಗೀತು. ಅದು ಒಣಗಲಿ ಅಂತ ಮಾತಾಡ್ತಾ ಕೂತಿದ್ವಿ, ಚೆನ್ನಾಗಿ ನಗ್ತಾ ಇದ್ಲು." ರಾದಿಯಾ ಕರಕಲಾದದ್ದನ್ನು ಎಣ್ಣೆಯಿಂದ ತೆಗೆದಿಟ್ಟಳು. "ಅದಿನ್ನೂ ಹಸಿ ಇರುವಾಗ್ಲೇ ಬಾಗಿಲು ಬಡಿದ ಸದ್ದಾಯ್ತು. ಅವಳ ಮುಖ ಇಳಿದುಹೋಯ್ತು. 'ನೀನು ಹೋಗು ರಾದಿಯಾ, ಇವತ್ತು ಇದನ್ನ ಮುಗಿಸಿಬಿಡ್ತೀನಿ' ಅಂದ್ಲು. ನಾನು ಹಿಂಬಾಗಿಲಲ್ಲಿ ಬಂದೆ. ಬರುವಾಗ ಅವಳು ಬದುಕಿದ್ಲು."

"ಕೈ ಯಾಕೆ ಉಜ್ಜಿದೆ?"

"ಬೇರೆ ಹೆಂಗಸ್ರು ಕಂಡ್ರೆ ಮದರಂಗಿ ಹಾಕಿದೋಳು ಯಾರು ಅಂತಾರೆ. ನಾನು ಅಂದ್ರೆ, ಮತ್ತೆ ಯಾರು ಬಂದ್ರು ಅಂತಾರೆ."

ಶಾದ್ಲಿಯ ಬಾಯಲ್ಲಿ ಪ್ರಶ್ನೆ ಸಿದ್ಧವಾಗಿತ್ತು. ಅದನ್ನು ಕೇಳಲೇ ಸರ್ಕಾರ ಅವನಿಗೆ ಅನ್ನ ಹಾಕುತ್ತಿತ್ತು. ರಾದಿಯಾ ಅವನ ಎದೆಯ ಮೇಲೆ ಅಂಗೈ ಇಟ್ಟಳು, ತಳ್ಳುವವಳ ಹಾಗೆ.

"ಕೇಳಬೇಡ. ಕೇಳಿದ್ರೆ ಹೇಳಿಬಿಡ್ತೀನಿ, ನನಗೂ ಇದು ಸಾಕಾಗಿದೆ. ಉಪವಾಸದ ಬಾಯಲ್ಲಿ ಸುಳ್ಳು ಹೇಳೋಕೆ ನನ್ನಿಂದಾಗಲ್ಲ. ಆದ್ರೆ ಆಮೇಲೆ ಈ ಮನೆ ಉಳಿಯಲ್ಲ. ನಿಮ್ಮಮ್ಮ ಸಾಯುವಾಗ ನಿನ್ನ ಕೈ ಹಿಡಿದು ಏನು ಕೇಳಿದ್ರು ಅಂತ ನೆನಪು ಮಾಡ್ಕೋ. ಆಮೇಲೆ ಕೇಳು."

ತಾಯಿ ಕೇಳಿದ್ದು ಒಂದೇ. ನಿನ್ನ ತಮ್ಮನನ್ನು ನೋಡಿಕೋ ಅಂತ.

ಲುತ್ಫಿಯ ಮುಖ ಕಣ್ಣೆದುರು ಬಂತು. ಬಳೆ ಕದ್ದೆ ಸಾಹೇಬರೇ, ಹೆಂಗಸನ್ನ ನೋಡ್ಲೇ ಇಲ್ಲ. ಕಂಬಿಯ ಹಿಂದೆ ಕೂತು ದಿನಾ ನಿಜ ಹೇಳುತ್ತಿದ್ದ ಮನುಷ್ಯ, ಇಡೀ ಊರಲ್ಲಿ ಅವನೊಬ್ಬನೇ. ಶಾದ್ಲಿ ಆ ಪ್ರಶ್ನೆ ಕೇಳದೆ ಹಾಲನ್ನು ಮೇಜಿನ ಮೇಲಿಟ್ಟ.

ಕೋಟೆಯ ಕಡೆಯಿಂದ ತೋಪು ಹಾರಿತು. ಬಾಂಗು ಕೂಗಿತು. ಬಾಗಿಲು ಬಡಿದ ಸದ್ದಾಯಿತು.

"ಅಣ್ಣಾ, ಬಾಗಿಲು ತೆಗಿ. ಹೊಟ್ಟೆ ಬೆನ್ನಿಗಂಟಿದೆ."

ಬಾಗಿಲು ತೆಗೆದವಳು ರಾದಿಯಾ. ಜಲೂಲ್ ದಿನದ ಹಾಗೆಯೇ ಒಳಗೆ ಬಂದ, ಚಪ್ಪಲಿ ಒಂದೊಂದು ದಿಕ್ಕಿಗೆ ಬಿಟ್ಟು. "ಅತ್ತಿಗೆ, ಏನೋ ಸೀದ ವಾಸನೆ. ಅಣ್ಣನ ಪಾಲಿಗೆ ಇಡಿ ಅದನ್ನ, ನಂಗೆ ಬೇಡ." ಬಾಗಿಲ ಪಕ್ಕದ ಬೋಗುಣಿಯ ಮೇಲೆ ಕೈ ಚಾಚಿ ತೋಳು ಮೇಲೆ ಸರಿಸಿದ. ರಾದಿಯಾ ತಂಬಿಗೆ ಎತ್ತಿ ಆ ಕೈಗೆ ನೀರು ಹೊಯ್ದಳು.

ಕೈಗಡಿಯಾರ ಕಂಡಿತು. ಹೋದ ಹಬ್ಬಕ್ಕೆ ಶಾದ್ಲಿಯೇ ಕೊಡಿಸಿದ್ದು, ಬಿಳಿಯ ದಪ್ಪ ಬಟ್ಟೆಯ ಪಟ್ಟಿಯದು. ಮಣಿಕಟ್ಟಿನ ಒಳಬದಿಗೆ, ಕೊಂಡಿಯ ಪಕ್ಕ, ಬೆರಳಗಲದ ಕಿತ್ತಳೆ ಕಲೆ. ತಿಕ್ಕಿ ತೊಳೆದ ಗುರುತಿತ್ತು. ಬಟ್ಟೆಗೆ ಹತ್ತಿದ ಮದರಂಗಿ ತೊಳೆದರೆ ಹೋಗುವುದಲ್ಲ. ಹಸಿ ಮದರಂಗಿಯ ಕೈಯೊಂದು ಆ ಮಣಿಕಟ್ಟನ್ನು ಬಲವಾಗಿ ಹಿಡಿದಿತ್ತು.

ಜಲೂಲ್ ಕೂತ. ಖರ್ಜೂರ ಬಾಯಿಗಿಟ್ಟ, ಹಾಲು ಕುಡಿದ. ತಟ್ಟೆ ನೋಡುತ್ತಲೇ ಕೇಳಿದ.

"ಲುತ್ಫಿ ಊಟ ಮಾಡ್ತಾನಾ ಅಣ್ಣಾ, ಅಲ್ಲಿ?"

"ಮಾಡ್ತಾನೆ," ಅಂದ ಶಾದ್ಲಿ.

ಫೋನು ಅದುರಿತು. ದೊಡ್ಡ ಸಾಹೇಬರು. ಆಗಲೇ ಬಾಯಿ ತುಂಬ ಏನೋ ಅಗಿಯುತ್ತಿದ್ದರು. "ಬೆಳಿಗ್ಗೆ ಕಡತ ಕಳಿಸಬೇಕು ಕಣಯ್ಯಾ. ಆ ಹೆಣ ತೊಳೆಯೋ ಮುದುಕಿ ಹತ್ರ ಹೋಗ್ತೀನಿ ಅಂದಿದ್ಯಲ್ಲ, ಏನಾದ್ರೂ ಹುಟ್ಟಿತಾ?"

ರಾದಿಯಾಳ ಕೈಯಲ್ಲಿ ತಂಬಿಗೆ ಹಾಗೇ ಇತ್ತು. ಜಲೂಲ್ ಅಗಿಯುವುದನ್ನು ನಿಲ್ಲಿಸಿದ್ದ.

"ಸಹಿ ಹಾಕಲ್ಲ ಅಂದ್ಲು ಸಾಹೇಬರೇ," ಅಂದ ಶಾದ್ಲಿ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.